ಕಣದ ಕ್ಯಾಮೆರಾ, ಅಟ್ಟದ ಪೆಟ್ಟಿಗೆ

ಕುಶಾಲನಗರದ ಅಂಗಡಿಯವರು ಮೇಜಿನ ಮೇಲೆ ನಾಲ್ಕು ಕ್ಯಾಮೆರಾಗಳನ್ನು ಸಾಲಾಗಿ ಇಟ್ಟರು. ಆಮೇಲೆ ಒಳಗೆ ಹೋಗಿ ಒಂದು ಬಿಳಿ ಪೆಟ್ಟಿಗೆ ತಂದು ಅವುಗಳ ಪಕ್ಕದಲ್ಲಿ ಕೂರಿಸಿದರು. ಬೆಲ್ಲದ ಅಚ್ಚಿನಷ್ಟು ಗಾತ್ರ, ಮುಂದುಗಡೆ ಒಂದು ನೀಲಿ ದೀಪ. "ಇದು ಹಬ್ ಸಾರ್. ಎಲ್ಲ ಕ್ಯಾಮೆರಾಗಳಿಗೂ ಇದೇ ತಲೆ. ಇದಿಲ್ಲದಿದ್ದರೆ ಅವು ದಿಕ್ಕಿಗೊಂದು" ಎಂದರು. ತಲೆಯಿಲ್ಲದ ಕ್ಯಾಮೆರಾ ಯಾರಿಗೆ ಬೇಕು? ಆದರೆ ಆ ತಲೆಯ ಬೆಲೆಗೆ ಇನ್ನೂ ಎರಡು ಕ್ಯಾಮೆರಾ ಬರುತ್ತಿದ್ದವು. ವಿಚಾರಿಸಿ ಬರುತ್ತೇನೆ ಎಂದು ಹೇಳಿ ಬರಿಗೈಯಲ್ಲಿ ಮಾದಾಪುರದ ಬಸ್ ಹತ್ತಿದೆ.

ಅದು ಫೆಬ್ರವರಿ. ರೊಬಸ್ಟಾ ಕೊಯ್ಲು ಮುಗಿಯುತ್ತಾ ಬಂದಿತ್ತು. ಮನೆಯಲ್ಲಿ ಅವ್ವ ಒಬ್ಬಳೇ, ಜೊತೆಗೆ ಕರಿಯ ಎಂಬ ನಾಯಿ. ನಾನು ಮೈಸೂರಿನಲ್ಲಿ, ಅಕ್ಕ ವಿರಾಜಪೇಟೆಯಲ್ಲಿ. ಕಾಫಿಯ ಬೆಲೆ ನೆಲ ಕಚ್ಚಿದ್ದ ವರ್ಷಗಳಲ್ಲಿ ಕಣದ ಕಡೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಬೆಲೆ ಏರಿದ್ದೇ ತಡ, ಒಣಗಲು ಹರಡಿದ ಕಾಫಿ ಚೆರಿಯನ್ನೂ ಬಳ್ಳಿಯಲ್ಲಿರುವ ಮೆಣಸನ್ನೂ ಕಾಯಬೇಕಾಯಿತು. ನಮ್ಮ ಕಣದಲ್ಲಿ ಕಳ್ಳತನವಾದದ್ದು ಗೊತ್ತಾದ ರೀತಿ ಹೇಳಬೇಕು. ಸಂಜೆ ಕಾಫಿಯನ್ನು ರಾಶಿ ಮಾಡಿ ಟಾರ್ಪಾಲು ಹೊದಿಸಿ ಅದರ ಅಂಚಿಗೆ ಅವ್ವ ಏಳು ಕಲ್ಲು ಇಡುತ್ತಾಳೆ. ಒಂದು ಬೆಳಿಗ್ಗೆ ಆರು ಕಲ್ಲು ಇದ್ದವು, ಏಳನೆಯದು ಹುಲ್ಲಿನಲ್ಲಿ ಬಿದ್ದಿತ್ತು. ರಾಶಿ ಸುಮಾರು ಎರಡು ಚೀಲದಷ್ಟು ಕುಗ್ಗಿತ್ತು. ಕರಿಯ ಬೊಗಳಿರಲಿಲ್ಲ. ಬಂದವರು ಪರಿಚಿತರೇ ಎಂಬ ಅನುಮಾನ ಅವ್ವನಿಗೆ ಇವತ್ತಿಗೂ ಇದೆ. ಹೆಸರು ಮಾತ್ರ ಹೇಳುವುದಿಲ್ಲ.

ಹೀಗೆ ಶುರುವಾದ ನನ್ನ ವಿಚಾರಣೆ ಹದಿನೈದು ದಿನ ನಡೆಯಿತು. ಕೊನೆಗೆ ಸಿಕ್ಕ ಉತ್ತರ ಒಂದೇ ಪದದ್ದು: ಬೇಡ. ಮನೆಗೆ ಕ್ಯಾಮೆರಾ ಹಾಕಲು ಪ್ರತ್ಯೇಕವಾದ ಸ್ಮಾರ್ಟ್ ಹಬ್ ಬೇಕೇ ಬೇಕು ಎಂಬುದೇನೂ ಇಲ್ಲ. ಇವತ್ತು ಅಂಗಡಿಯಲ್ಲಿ ಸಿಗುವ ಸಾಮಾನ್ಯ ವೈಫೈ ಕ್ಯಾಮೆರಾ ಮನೆಯ ರೂಟರ್‌ಗೆ ನೇರವಾಗಿ ಸೇರಿಕೊಳ್ಳುತ್ತದೆ, ತನ್ನ ಹೊಟ್ಟೆಯೊಳಗಿನ ಮೆಮೊರಿ ಕಾರ್ಡಿನಲ್ಲಿ ದಾಖಲೆ ಇಟ್ಟುಕೊಳ್ಳುತ್ತದೆ, ಮೊಬೈಲ್‌ಗೆ ಚಿತ್ರ ಕಳಿಸುತ್ತದೆ. ನಡುವೆ ಬೇರೆ ಪೆಟ್ಟಿಗೆಯ ಕೆಲಸವಿಲ್ಲ.

ಹಾಗಾದರೆ ಆ ಬಿಳಿ ಪೆಟ್ಟಿಗೆ ಹುಟ್ಟಿದ್ದು ಏಕೆ? ಅದು ಮೊದಲು ಹುಟ್ಟಿದ್ದು ಕ್ಯಾಮೆರಾಗಳಿಗಾಗಿ ಅಲ್ಲ, ಬಾಗಿಲಿಗೆ ಅಂಟಿಸುವ ಸೆನ್ಸರ್, ಬಲ್ಬು, ಸ್ವಿಚ್ಚು ಇಂಥ ಸಣ್ಣಪುಟ್ಟವುಗಳಿಗಾಗಿ. ಅವು ಮಾತಾಡುವುದು ವೈಫೈ ಭಾಷೆಯಲ್ಲಲ್ಲ. ಝಿಗ್‌ಬೀ, ಝೆಡ್-ವೇವ್ ಎಂಬ ಮಿತವ್ಯಯದ ಭಾಷೆಗಳಲ್ಲಿ. ಬಟನ್ ಬ್ಯಾಟರಿಯೊಂದರಲ್ಲಿ ವರ್ಷಗಟ್ಟಲೆ ಬದುಕಬೇಕಾದ ಸೆನ್ಸರ್‌ಗೆ ವೈಫೈ ದುಬಾರಿ. ಹಬ್ ಅಂದರೆ ದುಭಾಷಿ: ಒಂದು ಕಿವಿಯಿಂದ ಝಿಗ್‌ಬೀ ಕೇಳಿಸಿಕೊಂಡು ಇನ್ನೊಂದು ಕಡೆ ರೂಟರ್‌ಗೆ ತಿಳಿಸುವುದು. ಝಿಗ್‌ಬೀಯ ಗರಿಷ್ಠ ವೇಗ ಸೆಕೆಂಡಿಗೆ 250 ಕಿಲೋಬಿಟ್. ಸಾಧಾರಣ ಗುಣಮಟ್ಟದ ಕ್ಯಾಮೆರಾದ ವಿಡಿಯೊಗೆ ಕನಿಷ್ಠ ಒಂದೆರಡು ಮೆಗಾಬಿಟ್ ಬೇಕು. ಹಾರಂಗಿಯ ನೀರನ್ನು ಪಪ್ಪಾಯಿ ದಂಟಿನಲ್ಲಿ ಹರಿಸಿದಂತಾಗುತ್ತದೆ. ಹಾಗಾಗಿ ಝಿಗ್‌ಬೀ ಹಬ್ಬಿನ ಮೂಲಕ ಕ್ಯಾಮೆರಾದ ವಿಡಿಯೊ ಹರಿಯುತ್ತದೆ ಎಂದು ಯಾರಾದರೂ ಹೇಳಿದರೆ, ಅವರು ತಿಳಿಯದೆ ಹೇಳುತ್ತಿದ್ದಾರೆ ಅಥವಾ ತಿಂಗಳ ಕೊನೆಯ ಮಾರಾಟದ ಗುರಿ ಮುಟ್ಟಲು ಹೇಳುತ್ತಿದ್ದಾರೆ.

ಕ್ಯಾಮೆರಾಗಳಿಗೇ ಎಂದು ಮಾಡಿದ ಹಬ್ ಬೇರೆ ಜಾತಿಯದು. ಅದು ಬ್ಯಾಟರಿ ಕ್ಯಾಮೆರಾಗಳ ಸಂಸಾರಕ್ಕೆ ಸೇರಿದ್ದು. ಬ್ಯಾಟರಿ ಕ್ಯಾಮೆರಾ ಬಹುಪಾಲು ಹೊತ್ತು ನಿದ್ದೆಯಲ್ಲಿರುತ್ತದೆ. ಮೈಯ ಬಿಸಿ ಹಾದುಹೋದರೆ ಒಳಗಿನ ಸಂವೇದಕ ಅದನ್ನು ಎಬ್ಬಿಸುತ್ತದೆ. ಎದ್ದಾಗ ಕೈಗೆಟಕುವಂತೆ ಹತ್ತಿರದಲ್ಲಿ ಒಂದು ಹಬ್ ಇದ್ದರೆ ಬ್ಯಾಟರಿ ಉಳಿಯುತ್ತದೆ. ಜೊತೆಗೆ ದಾಖಲೆ ಕ್ಯಾಮೆರಾದಲ್ಲಿ ಉಳಿಯದೆ ಒಳಗಿನ ಹಬ್ಬಿಗೆ ಬಂದು ಬೀಳುತ್ತದೆ. ಇದು ಸಣ್ಣ ಮಾತಲ್ಲ. ಕಾರ್ಡು ಕ್ಯಾಮೆರಾದೊಳಗೇ ಇದ್ದರೆ, ಕಳ್ಳ ಕ್ಯಾಮೆರಾವನ್ನೇ ಕಿತ್ತುಕೊಂಡು ಹೋದಾಗ ಸಾಕ್ಷಿಯೂ ಅವನ ಚೀಲದಲ್ಲೇ ಹೋಗುತ್ತದೆ.

ಇಷ್ಟು ತಿಳಿದುಕೊಂಡು ಮಾರ್ಚ್‌ನಲ್ಲಿ ಎರಡು ವೈಫೈ ಕ್ಯಾಮೆರಾ ತಂದು, ಒಂದನ್ನು ಜಗಲಿಗೂ ಇನ್ನೊಂದನ್ನು ಕಣದ ಶೆಡ್ಡಿಗೂ ಹಾಕಿದೆ. ಜಗಲಿಯದು ಸೊಗಸಾಗಿ ನಡೆಯಿತು. ಕಣದ್ದು ಗಂಟೆಗೊಮ್ಮೆ ಮಾಯ. ನಮ್ಮದು ಹಳೆಯ ಹಂಚಿನ ಮನೆ, ಗೋಡೆ ಒಂದೂವರೆ ಅಡಿ ದಪ್ಪ. ರೂಟರ್‌ನಿಂದ ಕಣಕ್ಕೆ ಅರುವತ್ತು ಮೀಟರ್, ನಡುವೆ ಕಿತ್ತಳೆ ಗಿಡಗಳು ಮತ್ತು ಮೆಣಸು ಹಬ್ಬಿದ ಎರಡು ಸಿಲ್ವರ್ ಓಕ್. ಒದ್ದೆ ಎಲೆಗಳು ವೈಫೈ ಅಲೆಗಳನ್ನು ಕುಡಿದುಬಿಡುತ್ತವೆ. ಒಂದು ಬೇಸಿಗೆ ಮಳೆ ಬಿದ್ದ ಸಂಜೆ ಕಣ ಪೂರ್ತಿ ಕತ್ತಲಾಯಿತು, ನನ್ನ ಮೊಬೈಲ್‌ನಲ್ಲಿ.

ಆಮೇಲೆ ಏಪ್ರಿಲ್‌ನ ಗುಡುಗು. ಕೊಡಗಿನಲ್ಲಿ ಗುಡುಗು ಕೇಳಿದ ಕೂಡಲೇ ಟಿವಿಯ ಪ್ಲಗ್ ಕೀಳುವುದು ದೀಪ ಹಚ್ಚುವಷ್ಟೇ ಹಳೆಯ ಸಂಪ್ರದಾಯ. ಅವ್ವ ಟಿವಿ ಕಿತ್ತಳು, ಫ್ರಿಡ್ಜ್ ಕಿತ್ತಳು. ರೂಟರ್ ಕೀಳಲಿಲ್ಲ, ಏಕೆಂದರೆ ಕೀಳಬೇಡ ಎಂದು ನಾನೇ ಹೇಳಿದ್ದೆ. ರೂಟರೂ ಕಣದ ಕ್ಯಾಮೆರಾದ ಅಡಾಪ್ಟರೂ ಒಟ್ಟಿಗೆ ಸುಟ್ಟುಹೋದವು. ಫೋನಿನಲ್ಲಿ ಅವ್ವ ಏನೂ ಬೈಯಲಿಲ್ಲ. "ಫ್ರಿಡ್ಜ್ ಚೆನ್ನಾಗಿದೆ" ಎಂದಳು, ಅಷ್ಟೇ.

ಎರಡನೆಯ ಸಲ ತಂತಿಯ ದಾರಿ ಹಿಡಿದೆ. ಪಿಒಇ ಎಂಬ ವ್ಯವಸ್ಥೆ ಇದೆ: ಒಂದೇ ನೆಟ್‌ವರ್ಕ್ ಕೇಬಲ್‌ನಲ್ಲಿ ವಿದ್ಯುತ್ತೂ ಹೋಗುತ್ತದೆ, ಚಿತ್ರವೂ ಬರುತ್ತದೆ. ಈ ಕೇಬಲ್‌ನ ಮಿತಿ ನೂರು ಮೀಟರ್. ನಮ್ಮ ಅರುವತ್ತಕ್ಕೆ ಧಾರಾಳ. ಮುಳ್ಳುಹಂದಿ, ಇಲಿ ಕಡಿಯದಂತೆ ಪಿವಿಸಿ ಪೈಪಿನೊಳಗೆ ಹಾಕಿ ಹೂತೆವು. ಸುಂಟಿಕೊಪ್ಪದಿಂದ ಬಂದ ಎಲೆಕ್ಟ್ರಿಷಿಯನ್ ಅರ್ತಿಂಗ್ ಸರಿ ಮಾಡದೆ ಒಂದು ಕ್ಯಾಮೆರಾವನ್ನೂ ಮುಟ್ಟುವುದಿಲ್ಲ ಎಂದು ಹಟ ಹಿಡಿದರು. ಇದ್ದಿಲು, ಉಪ್ಪು ಹಾಕಿ ಗುಂಡಿ ತೋಡಿಸಿದರು. ಇಡೀ ಕಥೆಯಲ್ಲಿ ನಾನು ಅತಿ ಸಂತೋಷದಿಂದ ಕೊಟ್ಟ ಹಣ ಅದು. ಎಲ್ಲ ಕೇಬಲ್‌ಗಳೂ ಬಂದು ಸೇರುವುದು ಅಟ್ಟದ ಮೇಲಿನ ಒಂದು ಕಪ್ಪು ಪೆಟ್ಟಿಗೆಗೆ. ಅದರ ಹೆಸರು ಎನ್‌ವಿಆರ್. ಹಾರ್ಡ್ ಡಿಸ್ಕ್ ಇರುವ ಧ್ವನಿಮುದ್ರಣ ಯಂತ್ರದ ಚಿತ್ರರೂಪ ಎನ್ನಿ.

ಅಂದರೆ ಹಬ್ ಬೇಡ ಎಂದು ಹೊರಟವನು ಕೊನೆಗೆ ಒಂದು ಪೆಟ್ಟಿಗೆ ತಂದೇ ತಂದೆ. ಅಕ್ಕ ಇದನ್ನು ಹೇಳಿ ನಗುತ್ತಾಳೆ. ಆದರೆ ಈ ಪೆಟ್ಟಿಗೆ ದುಭಾಷಿಯಲ್ಲ, ಶಾನುಭೋಗ. ಕಂಡದ್ದನ್ನು ಬರೆದಿಡುವುದಷ್ಟೇ ಅದರ ಕೆಲಸ. ಇಂಟರ್ನೆಟ್ ಇಲ್ಲದಿದ್ದರೂ ಬರೆಯುತ್ತದೆ. ಅಂಗಡಿಗಳಲ್ಲಿ ರೂಟರ್, ಹಬ್, ಎನ್‌ವಿಆರ್, ಹಳೆಯ ಬಗೆಯ ಕೇಬಲ್ ಕ್ಯಾಮೆರಾಗಳ ದಾಖಲೆ ಯಂತ್ರವಾದ ಡಿವಿಆರ್ ಎಲ್ಲವನ್ನೂ ಒಂದೇ ಉಸಿರಿನಲ್ಲಿ "ಬಾಕ್ಸ್" ಎನ್ನುತ್ತಾರೆ. ಗೊಂದಲದ ಅರ್ಧ ಅಲ್ಲೇ ಹುಟ್ಟುತ್ತದೆ. ಎನ್‌ವಿಆರ್ ಕೊಳ್ಳುವವರು ಆನ್‌ವಿಫ್ ಎಂಬ ಪದ ಇದೆಯೇ ಎಂದು ಡಬ್ಬಿಯ ಮೇಲೆ ನೋಡಲಿ. 2008ರಲ್ಲಿ ಆಕ್ಸಿಸ್, ಬಾಷ್, ಸೋನಿ ಕಂಪನಿಗಳು ಸೇರಿ ಕಟ್ಟಿದ ಒಡಂಬಡಿಕೆ ಅದು. ಅದಿದ್ದರೆ ಒಬ್ಬರ ಕ್ಯಾಮೆರಾವನ್ನು ಇನ್ನೊಬ್ಬರ ಎನ್‌ವಿಆರ್ ಸಾಮಾನ್ಯವಾಗಿ ಒಪ್ಪಿಕೊಳ್ಳುತ್ತದೆ. ಲೆಕ್ಕವೂ ಸುಲಭ: ಸೆಕೆಂಡಿಗೆ ಒಂದು ಮೆಗಾಬಿಟ್ ವಿಡಿಯೊ ಇಪ್ಪತ್ತನಾಲ್ಕು ಗಂಟೆಗೆ 10.8 ಗಿಗಾಬೈಟ್ ಆಗುತ್ತದೆ. 128 ಗಿಗಾಬೈಟ್‌ನ ಕಾರ್ಡಿನಲ್ಲಿ ಹನ್ನೊಂದು ದಿನ ಸಿಗಬಹುದು, ಚಿತ್ರದ ಗುಣಮಟ್ಟ ಏರಿಸಿದರೆ ಐದಾರು ದಿನ. ತಿಂಗಳ ಹಿಂದಿನದು ಬೇಕೆಂದರೆ ಹಾರ್ಡ್ ಡಿಸ್ಕ್ ಬೇಕು.

ಹಬ್ ಬೇಕೆನ್ನುವವರ ದೊಡ್ಡ ವಾದ ಒಂದಿದೆ, ಅಂಗಡಿಯವರೂ ಅದನ್ನೇ ಹೇಳಿದ್ದರು: ಹಬ್ ಇದ್ದರೆ ಒಂದಕ್ಕೊಂದು ಮಾತಾಡುತ್ತವೆ. ಕಣದಲ್ಲಿ ಚಲನೆ ಕಂಡ ಕೂಡಲೇ ದೀಪ ಹೊತ್ತಿಕೊಳ್ಳುತ್ತದೆ, ಸೈರನ್ ಕೂಗುತ್ತದೆ, ಬಾಗಿಲು ಬೀಗ ಹಾಕಿಕೊಳ್ಳುತ್ತದೆ, ನೀವು ಏನೂ ಮಾಡಬೇಕಾಗಿಲ್ಲ. ಕೇಳಲು ಚೆಂದ. ಮೇ ಕೊನೆಯ ಒಂದು ರಾತ್ರಿಯ ತನಕ ನನಗೂ ಆಸೆಯಿತ್ತು.

ಆ ರಾತ್ರಿ 3.12ಕ್ಕೆ ಮೈಸೂರಿನಲ್ಲಿ ನನ್ನ ಮೊಬೈಲ್ ಟಿಣ್ ಎಂದಿತು. ತೆರೆದರೆ ಪರದೆಯ ತುಂಬ ಬೂದು ಬಣ್ಣದ ಗೋಡೆ. ಕಣದಲ್ಲಿ ಗೋಡೆ ಎಲ್ಲಿಂದ ಬಂತು ಎಂದು ಕಣ್ಣುಜ್ಜಿಕೊಂಡು ನೋಡುತ್ತಿದ್ದಂತೆ ಗೋಡೆ ಉಸಿರಾಡಿತು. ಚರ್ಮದ ಸುಕ್ಕುಗಳು, ಅವುಗಳಲ್ಲಿ ಒಣಗಿದ ಕೆಸರು. ಆಮೇಲೆ ಅದು ಎರಡು ಹೆಜ್ಜೆ ಸರಿದಾಗ ಬಾಲ ಕಂಡಿತು. ಕಣದ ಅಂಚಿನಲ್ಲೇ ಹಲಸಿನ ಮರ; ಹಣ್ಣು ಮಾಗಿ ಊರಿಗೆಲ್ಲ ವಾಸನೆ ಹರಡಿತ್ತು. ಅವ್ವ ಐದು ಗಂಟೆಗೆ ಎದ್ದು ಹಿಂಬಾಗಿಲು ತೆಗೆದು ಸೌದೆಗೆ ಹೋಗುವವಳು. ಫೋನ್ ಮಾಡಿದೆ. ನಾಲ್ಕು ಸಲ ಹೊಡೆದ ಮೇಲೆ ಎತ್ತಿದಳು. "ಹಿಂದೆ ಆನೆ ಇದೆ. ಬಾಗಿಲು ತೆಗೆಯಬೇಡ" ಎಂದೆ. "ಗೊತ್ತು, ಸಿಪ್ಪೆ ಹರಿಯುವ ಸದ್ದು ಕೇಳುತ್ತಿದೆ. ನೀನು ಮಲಗು" ಎಂದಳು.

ಆ ಹೊತ್ತಿನಲ್ಲಿ ಸೈರನ್ ಕೂಗಿದ್ದರೆ? ಹಲಸು ತಿನ್ನುತ್ತಾ ನೆಮ್ಮದಿಯಾಗಿ ನಿಂತ ಕಾಡಾನೆಯ ಮುಖಕ್ಕೆ ದೀಪ ಹೊತ್ತಿಕೊಂಡಿದ್ದರೆ? ಹಂಚಿನ ಮಾಡು ಆನೆಗೆ ಎಷ್ಟು ಲೆಕ್ಕ? ಮನುಷ್ಯನನ್ನೂ ಆನೆಯನ್ನೂ ಬೇರ್ಪಡಿಸಿ ತಿಳಿಯಬಲ್ಲ ಕ್ಯಾಮೆರಾಗಳಿವೆ ಎನ್ನುತ್ತಾರೆ. ನಮ್ಮ ಜಗಲಿಯ ಕ್ಯಾಮೆರಾ ಮೊಳೆಗೆ ತೂಗುಹಾಕಿದ ಅವ್ವನ ಮಳೆಯಂಗಿ ಗಾಳಿಗೆ ಅಲ್ಲಾಡಿದಾಗಲೆಲ್ಲ "ವ್ಯಕ್ತಿ ಬಂದಿದ್ದಾರೆ" ಎಂದು ತಿಳಿಸುತ್ತದೆ. ಇಂಥವರ ಮಾತು ಕೇಳಿ ಸೈರನ್ ಕೂಗಿಸುವ ಅಧಿಕಾರವನ್ನು ಒಂದು ಪೆಟ್ಟಿಗೆಗೆ ಕೊಡಲು ನನಗೆ ಧೈರ್ಯವಿಲ್ಲ. ಕ್ಯಾಮೆರಾ ನನಗೆ ಹೇಳಲಿ, ನಾನು ಅವ್ವನಿಗೆ ಹೇಳುತ್ತೇನೆ. ಅವಳಿಗೆ ಆಗಲೇ ಗೊತ್ತಿರುತ್ತದೆ, ಅದು ಬೇರೆ ವಿಷಯ.

ಹಬ್ಬಿನ ಬಗ್ಗೆ ಇನ್ನೊಂದು ಅಳುಕು. ಎಷ್ಟೋ ಹಬ್‌ಗಳ ಮಿದುಳು ಮನೆಯಲ್ಲಿರುವುದಿಲ್ಲ, ಯಾವುದೋ ದೇಶದ ಸರ್ವರ್‌ನಲ್ಲಿರುತ್ತದೆ. ಅಮೆರಿಕದಲ್ಲಿ ರಿವಾಲ್ವ್ ಎಂಬ ಹಬ್ ಇತ್ತು. ಅದನ್ನು ಕೊಂಡುಕೊಂಡ ನೆಸ್ಟ್ ಕಂಪನಿ 2016ರ ಮೇ ತಿಂಗಳಲ್ಲಿ ಸೇವೆ ನಿಲ್ಲಿಸಿತು, ಜನ 300 ಡಾಲರ್ ಕೊಟ್ಟು ತಂದ ಪೆಟ್ಟಿಗೆಗಳು ಕಾಗದ ಹಾರದಂತೆ ಇಡುವ ಭಾರವಾದವು. 2022ರ ಏಪ್ರಿಲ್‌ನಲ್ಲಿ ಇನ್‌ಸ್ಟಿಯಾನ್ ಎಂಬ ಕಂಪನಿಯ ಸರ್ವರ್‌ಗಳು ಹೇಳದೆ ಕೇಳದೆ ಕಣ್ಮುಚ್ಚಿದವು. ಎಲ್ಲ ಕಂಪನಿಗಳ ಸಾಮಾನೂ ಒಂದೇ ಭಾಷೆ ಆಡಲಿ ಎಂದು 2022ರಲ್ಲಿ ಮ್ಯಾಟರ್ ಎಂಬ ಮಾನದಂಡ ಬಂತಾದರೂ, ಕ್ಯಾಮೆರಾಗಳು ಅದರೊಳಗೆ ಸೇರಿದ್ದು 2025ರ ನವೆಂಬರ್‌ನಲ್ಲಿ. ಅಂಗಡಿಗೆ ಅದು ಇಳಿದು ಬರಲಿ, ಆಮೇಲೆ ನೋಡೋಣ.

ಹಾಗೆಂದು ಹಬ್ ಅಂದರೆ ಮೋಸ ಎಂದು ನಾನು ಹೇಳಲಾರೆ. ಅಕ್ಕನ ಮನೆಗೆ ನಾನೇ ನಿಂತು ಹಬ್ ಕೊಡಿಸಿದೆ. ವಿರಾಜಪೇಟೆಯಲ್ಲಿ ಅವಳದು ಬಾಡಿಗೆಯ ಮಹಡಿ ಮನೆ. ಗೋಡೆಗೆ ಒಂದು ಮೊಳೆ ಹೊಡೆದರೂ ಮನೆಯ ಮಾಲೀಕರು ಮೆಟ್ಟಿಲೇರಿ ಬರುತ್ತಾರೆ. ಅಲ್ಲಿ ಪೈಪು, ಕೇಬಲ್ ಎಲ್ಲ ಕನಸಿನ ಮಾತು. ಎರಡು ಬ್ಯಾಟರಿ ಕ್ಯಾಮೆರಾ, ಮುಂಬಾಗಿಲಿಗೆ ಅಂಟಿನಲ್ಲಿ ಕೂರುವ ಸೆನ್ಸರ್, ಟಿವಿಯ ಹಿಂದೆ ಹಬ್. ಬಾಗಿಲು ತೆರೆದರೆ ಕ್ಯಾಮೆರಾ ಎದ್ದು ದಾಖಲಿಸುತ್ತದೆ. ಮನೆ ಬದಲಿಸಿದರೆ ಎಲ್ಲವನ್ನೂ ಒಂದು ಕೈಚೀಲದಲ್ಲಿ ಹಾಕಿಕೊಂಡು ಹೋಗಬಹುದು. ಅದೇ ಬ್ಯಾಟರಿ ಕ್ಯಾಮೆರಾವನ್ನು ನಮ್ಮ ತೋಟದ ಗೇಟಿಗೆ ಹಾಕೋಣ ಎಂದರೆ ಗೇಟು ಮನೆಯಿಂದ ಕಾಲು ಕಿಲೋಮೀಟರ್ ದೂರ, ಹಬ್ಬಿನ ಕೈ ಅಷ್ಟು ಉದ್ದವಿಲ್ಲ. ಸಿಮ್ ಹಾಕುವ, ಸೌರಫಲಕದ ಕ್ಯಾಮೆರಾ ಒಂದನ್ನು ತಂದು ನೋಡಿದೆ. ಜೂನ್‌ನಿಂದ ಆಗಸ್ಟ್‌ವರೆಗೆ ಸೂರ್ಯನನ್ನೇ ಕಾಣದ ಊರಿನಲ್ಲಿ ಸೌರಫಲಕ ಏನು ಮಾಡೀತು, ಮಳೆನೀರು ಇಳಿಯಲು ಒಳ್ಳೆಯ ಇಳಿಜಾರಾಯಿತು. ಈಗ ಗೇಟಿಗೆ ಹಸುವಿನ ಗಂಟೆ ಕಟ್ಟಿದ್ದೇವೆ.

ಕೊಳ್ಳುವಾಗ ಯಾರೂ ಹೇಳದ ಎರಡು ಸಂಗತಿಗಳು: ಮಂಜು ಮತ್ತು ಜೇಡ. ರಾತ್ರಿ ನೋಡಲು ಕ್ಯಾಮೆರಾ ಕಣ್ಣಿಗೆ ಕಾಣದ ಅವಕೆಂಪು ಬೆಳಕು ಚೆಲ್ಲುತ್ತದೆ. ಮಂಜು ಕವಿದ ರಾತ್ರಿ ಆ ಬೆಳಕು ಮಂಜಿಗೆ ತಾಗಿ ಹಿಂದಕ್ಕೆ ಬಂದು ಪರದೆ ಹಾಲು ಚೆಲ್ಲಿದಂತಾಗುತ್ತದೆ. ಜೇಡ ಕ್ಯಾಮೆರಾದ ಕಣ್ಣಿನ ಎದುರಿಗೇ ಬಲೆ ನೇಯುತ್ತದೆ. ಗಾಳಿಗೆ ಬಲೆಯಾಡಿದರೆ ರಾತ್ರಿಯಿಡೀ ಟಿಣ್ ಟಿಣ್. ಇದಕ್ಕೆ ಹಬ್ಬೂ ಇಲ್ಲ, ಎನ್‌ವಿಆರೂ ಇಲ್ಲ, ತೆಂಗಿನ ಪೊರಕೆಯೇ ಗತಿ. ಪಾಸ್‌ವರ್ಡ್ ಬದಲಿಸಿ ಎಂಬುದನ್ನು ಬೇಸರವಾದರೂ ಹೇಳಲೇಬೇಕು. 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶ, ಕಾರ್ಖಾನೆಯ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಕ್ಯಾಮೆರಾ, ರೂಟರ್‌ಗಳನ್ನು ಸೈನ್ಯ ಮಾಡಿಕೊಂಡು ದೊಡ್ಡ ದೊಡ್ಡ ಜಾಲತಾಣಗಳನ್ನು ಉರುಳಿಸಿತ್ತು. ನಮ್ಮ ದೇಶದಲ್ಲಿ ಮಾರುವ ಸಿಸಿಟಿವಿ ಕ್ಯಾಮೆರಾಗಳು ಸರ್ಕಾರದ ಭದ್ರತಾ ಪರೀಕ್ಷೆ ದಾಟಬೇಕು ಎಂಬ ನಿಯಮ 2025ರ ಏಪ್ರಿಲ್ 9ರಿಂದ ಜಾರಿಯಲ್ಲಿದೆ; ಆ ಪರೀಕ್ಷೆಯ ಎಸ್‌ಟಿಕ್ಯುಸಿ ಪ್ರಮಾಣಪತ್ರ ಇದೆಯೇ ಎಂದು ಅಂಗಡಿಯಲ್ಲಿ ಕೇಳಲು ಸಂಕೋಚ ಬೇಡ.

ಮೂರನೆಯ ಕ್ಯಾಮೆರಾದ ಕಥೆಯನ್ನು ಬಿಟ್ಟುಬಿಡಬಹುದಿತ್ತು. ಗೋದಾಮಿನ ಮೇಲೆ ಅದನ್ನು ಹಾಕಿದಾಗ ಅಗಲ ನೋಟ ಸಿಕ್ಕಿತೆಂದು ಬೀಗಿದ್ದೆ. ಗೋದಾಮು, ದಾರಿ, ಅದರಾಚೆಗೆ ತೋಟದ ಕೆಲಸಗಾರರ ಲೈನ್ ಮನೆ, ಅದರ ಮುಂದಿನ ನಲ್ಲಿ. ಅಸ್ಸಾಮಿನಿಂದ ಬಂದ ಎರಡು ಸಂಸಾರಗಳು ಅಲ್ಲಿವೆ. ಮಾರನೆಯ ದಿನ ಮೊಬೈಲ್ ತೆರೆದಾಗ ನಲ್ಲಿಯ ಮುಂದೆ ಎರಡು ಕಾಫಿ ಗಿಡಗಳ ನಡುವೆ ಒಂದು ಹಸಿರು ಸೀರೆ ಅಡ್ಡ ಕಟ್ಟಿತ್ತು. ಒಗೆದು ಒಣಹಾಕಿದ ಸೀರೆಯಲ್ಲ. ನಾಲ್ಕು ಮೂಲೆಯೂ ಬಿಗಿದು ಕಟ್ಟಿದ್ದು. ಯಾರೂ ನನ್ನನ್ನಾಗಲಿ ಅವ್ವನನ್ನಾಗಲಿ ಏನೂ ಕೇಳಿರಲಿಲ್ಲ. ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿ, ಕ್ಯಾಮೆರಾವನ್ನು ಗೋದಾಮಿನ ಬಾಗಿಲಿನ ಕಡೆಗಷ್ಟೇ ತಿರುಗಿಸಿ ಎಂದೆ. ತಿರುಗಿಸಿದ ಮೇಲೂ ಒಂದು ವಾರ ಸೀರೆ ಅಲ್ಲೇ ಇತ್ತಂತೆ. ಅವ್ವ ಹೋಗಿ ಅವರನ್ನು ಕರೆತಂದು ನನ್ನ ಹಳೆಯ ಫೋನಿನಲ್ಲಿ ಚಿತ್ರ ತೋರಿಸಿದ ಮೇಲೆ ಬಿಚ್ಚಿದರು.

ಜುಲೈಯಲ್ಲಿ ಮಳೆ ಕೂತಿತು. ದಾರಿಗೆ ಮರ ಬಿದ್ದು ಮೂರು ದಿನ ಕರೆಂಟಿಲ್ಲ. ಮೊದಲ ದಿನ ಸಂಜೆಗೇ ಕಣ, ಜಗಲಿ, ಗೋದಾಮು ಮೂರೂ ನನ್ನ ಪರದೆಯಿಂದ ಹೋದವು. ಫೈಬರ್ ಕೇಬಲ್ ತುಂಡಾಗಿರಬೇಕು, ಆದರೆ ಅಟ್ಟದ ಪೆಟ್ಟಿಗೆ ಇನ್ವರ್ಟರ್ ಮೇಲೆ ಬರೆಯುತ್ತಲೇ ಇದೆ ಎಂದು ಸಮಾಧಾನ ಮಾಡಿಕೊಂಡೆ. ಇಷ್ಟೆಲ್ಲ ಮಾಡಿದ್ದೇ ಇಂಥ ದಿನಕ್ಕಾಗಿ ಅಲ್ಲವೇ. ನಾಲ್ಕನೆಯ ದಿನ ಊರಿಗೆ ಹೋಗಿ ಅಟ್ಟ ಹತ್ತಿ ನೋಡಿದರೆ ದಾಖಲೆ ಮೊದಲ ದಿನ ಸಂಜೆ 6.40ಕ್ಕೆ ನಿಂತಿತ್ತು.

"ನಾನೇ ಆರಿಸಿದೆ" ಎಂದಳು ಅವ್ವ, ಸೊಪ್ಪು ಬಿಡಿಸುತ್ತಾ. "ಆ ಪೆಟ್ಟಿಗೆ ಪಿಳಿಪಿಳಿ ಎನ್ನುತ್ತಾ ಇನ್ವರ್ಟರ್ ಎಲ್ಲ ಕುಡಿಯುತ್ತದೆ. ನನಗೆ ದೀಪ ಬೇಡವೇ? ಫೋನ್ ಚಾರ್ಜು ಬೇಡವೇ?"

"ಆ ಹೊತ್ತಿನಲ್ಲಿ ಕಳ್ಳ ಬಂದಿದ್ದರೆ?"

"ಈ ಮಳೆಗೆ ಕಳ್ಳ ಬರುವುದಿಲ್ಲ, ಜಿಗಣೆ ಬರುತ್ತದೆ. ಕಣದಲ್ಲಿ ಈಗ ಏನಿದೆ ಕದಿಯಲಿಕ್ಕೆ, ಪಾಚಿಯೇ?"

ಅವಳು ಒಳಗೆ ಹೋದ ಮೇಲೆ ಕಾಗದ ಹಿಡಿದು ಕುಳಿತೆ. ಮೂರು ಕ್ಯಾಮೆರಾ, ಎನ್‌ವಿಆರ್, ರೂಟರ್ ಸೇರಿ ಸುಮಾರು 40 ವ್ಯಾಟ್. ಬ್ಯಾಟರಿ 12 ವೋಲ್ಟ್, 150 ಆಂಪಿಯರ್-ಗಂಟೆ; ಕಾಗದದ ಮೇಲೆ 1800 ವ್ಯಾಟ್-ಗಂಟೆ. ಇನ್ವರ್ಟರ್ ತಾನೇ ನುಂಗುವುದನ್ನೂ, ಬ್ಯಾಟರಿಯ ತಳ ಕೆರೆಯಬಾರದು ಎಂಬುದನ್ನೂ ಕಳೆದರೆ ಒಂದು ಹಗಲು ಒಂದು ರಾತ್ರಿ. ಅಲ್ಲಿಗೆ ಪೆಟ್ಟಿಗೆಯೂ ಸಾಯುತ್ತಿತ್ತು, ಅವ್ವನ ದೀಪವೂ ಆರುತ್ತಿತ್ತು, ಇನ್ನೆರಡು ದಿನ ಅವಳ ಫೋನೂ ಇರುತ್ತಿರಲಿಲ್ಲ. ಲೆಕ್ಕ ಎರಡು ಸಲ ಮಾಡಿದೆ. ಅವಳದೇ ಸರಿಯಿತ್ತು.

ಆದರೂ ಮಗನಾದವನಿಗೆ ಹಟ ಎಲ್ಲಿ ಹೋಗುತ್ತದೆ. ಹೊರಡುವ ಮುಂಚೆ ಅಟ್ಟದ ಸ್ವಿಚ್ಚಿನ ಮೇಲೆ ಒಂದು ಚೀಟಿ ಅಂಟಿಸಿದೆ: "ಇದನ್ನು ಆರಿಸಬೇಡಿ." ಮೊನ್ನೆ ಕೈಲ್‌ಪೊಳ್ದ್ ಹಬ್ಬದ ರಜೆಗೆ ಹೋದಾಗ ಚೀಟಿ ಹಾಗೇ ಇತ್ತು. ಅದರ ಕೆಳಗೆ ಪೆನ್ಸಿಲಿನಲ್ಲಿ, ಅವ್ವನ ಗುಂಡಗಿನ ಅಕ್ಷರಗಳಲ್ಲಿ ಇನ್ನೊಂದು ಸಾಲು ಸೇರಿತ್ತು: "ಕರೆಂಟು ಇದ್ದಾಗ, ಗುಡುಗು ಇಲ್ಲದಾಗ."